60 ರೂಪಾಯಿ ಝುಮಕಿಗೆ 350 ರೂಪಾಯಿ ಕೊಕ್ಕೆ

ಮೊನ್ನೆ ನಮ್ಮ ಬೆಳಗಾವಿಯ ಗಣಪತ ಗಲ್ಲಿಯಲ್ಲಿ 60 ರೂಪಾಯಿ ಕೊಟ್ಟು ಒಂದು ಜೋಡಿ ಝುಮಕಿ ತಗೊಂಡೆ. ಅಲ್ಲಿಂದ ಸೀದಾ ಶಹಾಪುರದ ಸರಾಫ್ ಗಲ್ಲಿಗೆ ಹೋಗಿ ಅದಕ್ಕೆ 350 ರೂಪಾಯಿಯ ಬೆಳ್ಳಿ ಕೊಕ್ಕೆ ಹಾಕಿಸಿದೆ. ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮ ಅತ್ತೆ ಅಂತೂ "ಕುದುರಿಗಿಂತ ಲಗಾಮ ತುಟ್ಟಿ ಆತಲ್ಲಬೇ" ಅಂದರು. ನಗಲಿ ಬಿಡಿ. ಈ ಬುದ್ಧಿ ಬರೋಕೆ ನನಗೆ ಪೂರ್ತಿ ಒಂದು ವರ್ಷ ಹಿಡಿದಿದೆ.

ಹೋದ ವರ್ಷ ನವೆಂಬರ್ 1ರ ಮಾತು. ಬೆಳಗಾವಿಯಲ್ಲಿ ರಾಜ್ಯೋತ್ಸವ ಅಂದ್ರೆ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮಗಳಿಗೆ ಶಾಲೆಯಲ್ಲಿ ಕಿತ್ತೂರು ಚೆನ್ನಮ್ಮನ ವೇಷ. ಬೆಂಟೆಕ್ಸ್ ಸರ, ಡಾಬು, ಒತ್ತುವ ನತ್ತು, ಕಿವಿ ಜಗ್ಗುವಂಥ ಝುಮಕಿ. ಬೆಳಿಗ್ಗೆ ಏಳಕ್ಕೆ ಹಾಕಿದ್ದನ್ನು ಮಧ್ಯಾಹ್ನ ಎರಡಕ್ಕೆ ತೆಗೆದೆವು. ಅವತ್ತು ಏನೂ ಆಗಲಿಲ್ಲ. ಮೂರನೇ ದಿನ ಕಿವಿ ಬಾತು ನೀರು ಸೋರತೊಡಗಿತು. ಕುತ್ತಿಗೆಗೆ ಸರ ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ಸಾಲಾಗಿ ಗುಳ್ಳೆ.

"ಎಣಗಾಯಿ ತಿಂದಾಳ, ನಂಜಾಗೈತಿ" ಅಂದರು ಅತ್ತೆ. ಪಾಪ, ಒಂದು ವಾರ ಮನೆಯಲ್ಲಿ ಬದನೆಕಾಯಿ ಬಂದ್. ಚರ್ಮದ ಡಾಕ್ಟರ್ ನೋಡಿದ ತಕ್ಷಣ ಕೇಳಿದ್ದು ಊಟದ ಬಗ್ಗೆ ಅಲ್ಲ, ಕಿವಿಗೆ ಏನು ಹಾಕಿದ್ರಿ ಅಂತ.

ಕಾರಣ ನಿಕಲ್ ಅನ್ನೋ ಲೋಹ. ಅಗ್ಗದ ಒಡವೆಯಲ್ಲಿ ಕಾಣುವ ಬಂಗಾರದ ಬಣ್ಣ ಬರೀ ತೆಳುವಾದ ಲೇಪ. ಅದರ ಕೆಳಗೆ ಹಿತ್ತಾಳೆಯೋ ಸತುವಿನ ಮಿಶ್ರಣವೋ ಇರುತ್ತದೆ, ನಡುವೆ ಎಷ್ಟೋ ಸಲ ನಿಕಲ್ ಪದರವೂ ಇರುತ್ತದೆ. ಬೆವರು ತಾಗಿ ಲೇಪ ಸವೆದರೆ ನಿಕಲ್ ಕರಗಿ ಚರ್ಮದೊಳಗೆ ಇಳಿಯುತ್ತದೆ. ಮೈ ಅದನ್ನು ಒಂದು ಸಲ ವೈರಿ ಅಂತ ಗುರುತಿಟ್ಟುಕೊಂಡರೆ ಮುಗಿಯಿತು, ಆ ಅಲರ್ಜಿ ಸಾಮಾನ್ಯವಾಗಿ ಜೀವನವಿಡೀ ಇರುತ್ತದೆ. ಮುಂದೆ ಜೀನ್ಸ್ ಗುಂಡಿ ತಾಗಿದರೂ ಹೊಟ್ಟೆ ಮೇಲೆ ತುರಿಕೆ. ಗುಳ್ಳೆ ಏಳೋದು ಒಂದೆರಡು ದಿನ ಬಿಟ್ಟು. ಅದಕ್ಕೇ ನಾವು ಝುಮಕಿ ಬಿಟ್ಟು ಬದನೆಕಾಯಿ ಬೈಯುತ್ತೇವೆ. ಮೈ ಹಸಿರಾಗೋದು ಬೇರೆ ಕಥೆ. ಅದು ತಾಮ್ರದ ಕೆಲಸ, ಸೋಪಿನಲ್ಲಿ ತೊಳೆದರೆ ಹೋಗುತ್ತದೆ.

ಕಾಲೇಜು ಹುಡುಗಿಯರು ಇಷ್ಟಪಡುವ ಜರ್ಮನ್ ಸಿಲ್ವರ್ ಇದೆಯಲ್ಲ, ಅದರಲ್ಲಿ ಹೆಸರಿಗೂ ಬೆಳ್ಳಿ ಇಲ್ಲ. ತಾಮ್ರ, ಸತು ಮತ್ತು ಇದೇ ನಿಕಲ್ ಸೇರಿಸಿ ಮಾಡಿದ ಲೋಹ ಅದು. ನನಗೆ ಗೊತ್ತಾದ ದಿನ ನನ್ನ ಡಬ್ಬಿಯಿಂದ ಮೂರು ಜೊತೆ ಹೊರಗೆ ಬಂದವು.

ಯುರೋಪಿನವರು 1994ರಲ್ಲೇ ಇದಕ್ಕೆ ನಿಯಮ ಮಾಡಿದರು. ಮೈಗೆ ತಾಗಿಕೊಂಡೇ ಇರುವ ವಸ್ತುವಿನಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕಲ್ ಬಿಡುಗಡೆ ಆಗಬಾರದು. ಚುಚ್ಚಿದ ತೂತಿಗೆ ಹಾಕುವ ಕಡ್ಡಿಗೆ ಈಗ ಮಿತಿ ಇನ್ನೂ ಕಮ್ಮಿ, 0.2. ನಮ್ಮಲ್ಲಿ 2021ರ ಜೂನ್‌ನಿಂದ ಹಂತ ಹಂತವಾಗಿ ಬಂಗಾರಕ್ಕೆ ಹಾಲ್‌ಮಾರ್ಕ್ ಕಡ್ಡಾಯ ಆಯಿತು. ಒಳ್ಳೆಯದೇ. ಆದರೆ ಬಂಗಾರ ಕೊಳ್ಳಲಾಗದ ಹುಡುಗಿಯ ಕಿವಿಯೊಳಗೆ ಹೋಗುವ ಕಡ್ಡಿ ಯಾವುದರದ್ದು ಅಂತ ನಾನು ತಂದ ಒಂದು ಪ್ಯಾಕೆಟ್ ಮೇಲೂ ಬರೆದಿರಲಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. "ಬಂಗಾರ ಇಲ್ಲಂದ್ರ ಹಾಕ್ಕೋಬ್ಯಾಡ" ಅನ್ನುವವರ ಮೇಲೆ ಅದಕ್ಕಿಂತ ಜಾಸ್ತಿ ಸಿಟ್ಟು. ಯಾಕೆ ಹಾಕಬಾರದು?

ಮೊದಲು ಎಲ್ಲರೂ ಹೇಳುವ ಉಪಾಯ ಮಾಡಿದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಬಳಿದು ರಾತ್ರಿಯಿಡೀ ಒಣಗಿಸೋದು. ಸರದ ಹಿಂಬದಿಗೆ ಪರವಾಗಿಲ್ಲ, ಕೆಲವು ದಿನ ನಡೆಯುತ್ತದೆ. ಕಿವಿ ಕಡ್ಡಿಗೆ ಉಪಯೋಗವಿಲ್ಲ. ಹಾಕಿ ತೆಗೆದು ಮಾಡುವಾಗ ಕೆರೆದು ಹೋಗುತ್ತದೆ.

ಆಮೇಲೆ ಪತ್ತಾರರ ಹತ್ತಿರ ಹೋಗಿ ಒಂದು ಸಣ್ಣ ಟಾಪ್ಸ್ ತೋರಿಸಿದೆ. ಹಿಂದಿನ ಕಡ್ಡಿ ಕಿತ್ತು ಬೆಳ್ಳಿಯದು ಬೆಸುಗೆ ಹಾಕಿಕೊಡಿ ಅಂದೆ. ಅಜ್ಜ ಕನ್ನಡಕ ಏರಿಸಿ ನೋಡಿ, "ತಂಗೀ, ಇದಕ್ಕ ಬೆಂಕಿ ತೋರಿಸಿದ್ರ ನೀರಾಗಿ ಹೊಕ್ಕೈತಿ. ನೇತಾಡೂ ಝುಮಕಿ ಇದ್ರ ತಗೊಂಡ ಬಾ" ಅಂದರು. ನೇತಾಡುವುದಾದರೆ ಬೆಂಕಿಯೇ ಬೇಡ. ಇಕ್ಕಳದಿಂದ ಹಳೇ ಕೊಕ್ಕೆ ಬಿಚ್ಚಿ 92.5ರ, ಅಂದ್ರೆ ನೂರಕ್ಕೆ 92.5 ಪಾಲು ಬೆಳ್ಳಿಯೇ ಇರುವ ಕೊಕ್ಕೆ ಸಿಕ್ಕಿಸಿದರಾಯಿತು. ಎರಡು ನಿಮಿಷದ ಕೆಲಸ. ಅದಕ್ಕಿಂತ ಒಳ್ಳೆಯದು ಏನಂದ್ರೆ, ಅದೇ ಕೊಕ್ಕೆಯನ್ನು ಇನ್ನೊಂದು ಝುಮಕಿಗೂ ಹಾಕಬಹುದು. 350 ರೂಪಾಯಿ ಒಂದೇ ಸಲದ ಖರ್ಚು. ಹಾಗಾಗಿ ಕುದುರೆ ಬದಲಾದರೂ ಲಗಾಮು ಅದೇ, ಅತ್ತೆಯವರೇ!

ಭಾರಕ್ಕೆ ಹೊಸ ಉಪಾಯ ಏನೂ ಬೇಡ. ಕಿವಿಯಿಂದ ಕೂದಲಿಗೆ ಸಿಕ್ಕಿಸುವ ಸರಪಳಿ ನಮ್ಮ ಅಜ್ಜಿಯರ ಕಾಲದಿಂದ ಇದೆ. ಈಗ ಅದನ್ನು ಚಂದಕ್ಕೆ ಅಂತ ಸಡಿಲವಾಗಿ ಇಳಿಬಿಡುತ್ತಾರೆ. ಹಾಗೆ ಬಿಟ್ಟರೆ ಅದೂ ಭಾರವೇ. ಬಿಗಿಯಾಗಿದ್ದರೆ ಮಾತ್ರ ಝುಮಕಿಯ ತೂಕ ಕೂದಲು ಹೊರುತ್ತದೆ.

ಇನ್ನು ಅಂಟಿಸುವ ಉಗುರು. ನಮ್ಮ ನಾದಿನಿ ನಿಶ್ಚಿತಾರ್ಥಕ್ಕೆ ಅಂಟಿಸಿಕೊಂಡಿದ್ದಳು. ಮರುದಿನ ರೊಟ್ಟಿ ಬಡಿಯೋಕೆ ಕೂತಳು. ಮೂರನೇ ರೊಟ್ಟಿಗೆ ಹೆಬ್ಬೆರಳಿನ ಉಗುರು ಕಾಣೆ! ಇಡೀ ಹಿಟ್ಟು ಚಿವುಟಿ ಚಿವುಟಿ ಹುಡುಕಿದೆವು. ನಗು ಮುಗಿದ ಮೇಲೆ ಉಳಿದ ಒಂಬತ್ತನ್ನು ಅವಳು ಸಿಟ್ಟಿನಿಂದ ಕಿತ್ತಳು. ಅವುಗಳ ಜೊತೆ ಅವಳ ಸ್ವಂತ ಉಗುರಿನ ಮೇಲ್ಪದರವೂ ಎದ್ದು ಬಂತು. ಕೈ ಉಗುರು ತಿಂಗಳಿಗೆ ಹೆಚ್ಚೂಕಮ್ಮಿ 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಗೆ ಬರಲು ಆರು ತಿಂಗಳು ಬೇಕು. ಮದುವೆ ಇದ್ದದ್ದು ಮೂರು ತಿಂಗಳಿಗೆ. ಮೆಹಂದಿ ಕೈಯಲ್ಲಿ ಅರ್ಧ ಉಗುರು ಕಾಗದದಂತೆ ತೆಳ್ಳಗೆ.

ಆ ಅಂಟು ಸಯನೋಅಕ್ರಿಲೇಟ್. ಮನೆಯಲ್ಲಿ ಒಡೆದದ್ದಕ್ಕೆಲ್ಲ ಹಾಕುವ ಫೆವಿಕ್ವಿಕ್ ಕೂಡ ಅದೇ ಜಾತಿ. ಅದರ ಹನಿ ಹತ್ತಿ ಬಟ್ಟೆ ಮೇಲೆ ಬಿದ್ದರೆ ಒಮ್ಮೆಲೇ ಬಿಸಿಯಾಗಿ ಕೆಳಗಿನ ಚರ್ಮ ಸುಡುತ್ತದೆ. ಕಾಟನ್ ಸೀರೆಯ ತೊಡೆ ಮೇಲೆ ಕೈ ಇಟ್ಟುಕೊಂಡು ಉಗುರು ಅಂಟಿಸಬೇಡಿ, ದಯವಿಟ್ಟು. ಒಂದು ದಿನದ ಮದುವೆಗೆ ಅಂಟೇ ಬೇಡ, ಎರಡೂ ಕಡೆ ಅಂಟುವ ಜೆಲ್ಲಿ ಸ್ಟಿಕ್ಕರ್ ಸಾಕು. ಉಗುರು ಚುಚ್ಚಿದಂತೆ, ಹಿಂಡಿದಂತೆ ಆಗುತ್ತದೆ ಅಂದ್ರೆ ಸಾಮಾನ್ಯವಾಗಿ ಸೈಜು ಸಣ್ಣದು. ಒಂದು ಸೈಜು ದೊಡ್ಡದು ತಗೊಂಡು ಎರಡೂ ಬದಿ ಉಜ್ಜಿ ಹೊಂದಿಸಿ. ತೆಗೆಯುವಾಗ ಬೆಚ್ಚಗಿನ ಸೋಪು ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕೈ ಇಟ್ಟು, ಬದಿಯಿಂದ ಎಣ್ಣೆ ಬಿಟ್ಟು ಮೆಲ್ಲಗೆ ಅಲುಗಾಡಿಸಿ. ಬರದಿದ್ದರೆ ಮತ್ತೆ ನೀರಿಗೆ. ಮತ್ತೆ, ಉಗುರು ಹಾಕಿಕೊಂಡು ಒಲೆ ಮುಂದೆ ಹೋಗಲೇಬೇಡಿ. ಅದು ಪ್ಲಾಸ್ಟಿಕ್, ಬೆಂಕಿ ಬೇಗ ಹಿಡಿಯುತ್ತದೆ. ರೊಟ್ಟಿ ಅವತ್ತು ಖಾನಾವಳಿಯಿಂದ ಬರಲಿ.

ಈ ಸಲದ ರಾಜ್ಯೋತ್ಸವಕ್ಕೂ ಮಗಳು ಚೆನ್ನಮ್ಮನೇ ಆಗಬೇಕಂತೆ. ಝುಮಕಿಗೆ ಕೊಕ್ಕೆ ತಯಾರಿದೆ. ಸರವನ್ನು ಕುತ್ತಿಗೆಗೆ ತಾಗದಂತೆ ಕಾಲರ್ ಇರುವ ಕುಪ್ಪಸದ ಮೇಲೆ ಹಾಕಿ ದಾರದಿಂದ ಹೊಲಿಯುತ್ತೇನೆ. ಒತ್ತುವ ನತ್ತಿಗೆ ಮಾತ್ರ ಇನ್ನೂ ಉಪಾಯ ಹೊಳೆದಿಲ್ಲ. ಸಡಿಲ ಮಾಡಿದರೆ ಬೀಳುತ್ತದೆ, ಬಿಗಿ ಮಾಡಿದರೆ ಅಳುತ್ತಾಳೆ. ನತ್ತಿಲ್ಲದೆ ಶಾಲೆಗೆ ಹೋಗಲ್ಲ ಅಂತ ಈಗಲೇ ಹಟ. ನಿಮ್ಮಲ್ಲಿ ಯಾರಾದರೂ ಏನಾದರೂ ಮಾಡಿ ನೋಡಿದ್ದರೆ ಹೇಳ್ರಿ.