ತುರಿಕೆಗೆ ಎಣ್ಣೆ, ಕೆತ್ತೆ ಮತ್ತು ಟ್ಯೂಬು

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ತೋಟದ ಊರುಗಳಲ್ಲಿ ತುರಿಕೆಯಿಲ್ಲದ ಮನೆ ಅಪರೂಪ, ಅದಕ್ಕೆ ಮದ್ದು ಹೇಳದ ನೆಂಟರು ಇನ್ನೂ ಅಪರೂಪ. ಮನೆಮದ್ದನ್ನೆಲ್ಲ ಮೌಢ್ಯವೆಂದು ತಳ್ಳಿಹಾಕುವವರ ಪೈಕಿ ನಾನಲ್ಲ. ಯಾವ ತುರಿಕೆಯೆಂದು ಕೇಳದೆಯೇ ಹಚ್ಚುವುದಕ್ಕೆ ಮಾತ್ರ ನನ್ನ ತಕರಾರು.

ಚರ್ಮ ಒಣಗಿ ಬರುವ ತುರಿಕೆಗೆ, ಮಿಂದು ಮೈಯ ಪಸೆ ಆರುವ ಮೊದಲೇ ಹಚ್ಚಿದ ಶುದ್ಧ ತೆಂಗಿನೆಣ್ಣೆ ನಿಜಕ್ಕೂ ಉಪಕಾರಿ. ಅದು ತೇವವನ್ನು ಹಿಡಿದಿಡುತ್ತದೆ, ಅದರ ಲಾರಿಕ್ ಆಮ್ಲ ಕೆಲವು ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ. ನುಣ್ಣಗೆ ಹುಡಿ ಮಾಡಿದ ಓಟ್ಸನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2003ರಲ್ಲಿ ಚರ್ಮರಕ್ಷಕವೆಂದು ಮಾನ್ಯ ಮಾಡಿದೆ. ಆದರೆ ಹಂಡೆಯ ಸುಡುನೀರನ್ನು ಮೈಮೇಲೆ ಹೊಯ್ದುಕೊಳ್ಳುವ ನಮ್ಮ ಸುಖ ಆ ಕ್ಷಣಕ್ಕಷ್ಟೇ. ಆಮೇಲೆ ಚರ್ಮ ಮತ್ತಷ್ಟು ಒಣಗಿ ತುರಿಕೆ ಹೆಚ್ಚುತ್ತದೆ.

ಚೇರೆಮರದ ಸೊನೆ ತಾಗಿ ಮೈ ಉಬ್ಬಿದರೆ ತಾರೆಮರಕ್ಕೆ ಸುತ್ತು ಬರುವುದು, ಅದರ ಕೆತ್ತೆ, ಅಂದರೆ ತೊಗಟೆ, ಕುದಿಸಿದ ನೀರಿನಲ್ಲಿ ಮೀಯುವುದು ನಮ್ಮ ಕಡೆಯ ಹಳೆಯ ರೂಢಿ. ಸುತ್ತು ಬರುವುದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಗೇರು, ಮಾವುಗಳ ಕುಟುಂಬಕ್ಕೇ ಸೇರಿದ ಚೇರೆಮರದ ಸೊನೆಯಿಂದಾಗುವ ಅಲರ್ಜಿ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾನಾಗಿಯೇ ಇಳಿಯುವಂಥದ್ದು, ಹಾಗಾಗಿ ಕೀರ್ತಿ ತಾರೆಮರಕ್ಕೆ ಸುಲಭವಾಗಿ ಸಲ್ಲುತ್ತದೆ. ಸೊನೆ ತಾಗಿದ ಕೂಡಲೇ ಸಾಬೂನು ಹಚ್ಚಿ ತೊಳೆಯುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ!

ಕಜ್ಜಿಯ ವಿಷಯವೇ ಬೇರೆ. ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುವ ನುಸಿಗೆ ಬೇವು, ಅರಸಿನದ ಸ್ನಾನವನ್ನಷ್ಟೇ ನೆಚ್ಚಿಕೊಳ್ಳುವಂತಿಲ್ಲ. ಪರ್ಮೆಥ್ರಿನ್ ಮುಲಾಮನ್ನು ತುರಿಕೆಯಿಲ್ಲದವರೂ ಸೇರಿದಂತೆ ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಅದು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಹುಳಕಡ್ಡಿಗೆ ಮೆಡಿಕಲ್ ಶಾಪಿನಿಂದ ಕೇಳಿ ತರುವ, ಕ್ಲೊಬೆಟಾಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಬೆರೆತ ಟ್ಯೂಬಂತೂ ಯಾವ ನಾಟಿಮದ್ದಿಗಿಂತಲೂ ಕೆಟ್ಟದ್ದೆಂದು ನನ್ನ ಖಚಿತ ಅಭಿಪ್ರಾಯ. ಅದು ನಾಲ್ಕು ದಿನ ತುರಿಕೆ ನಿಲ್ಲಿಸಿ, ಒಳಗೊಳಗೇ ಶಿಲೀಂಧ್ರವನ್ನು ಹಬ್ಬಿಸಿ, ಕೊನೆಗೆ ಚರ್ಮವನ್ನೂ ತೆಳುವಾಗಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮ ಕಾಗದದಲ್ಲಿದೆ.

ಮೈಮೇಲೆ ಗುಳ್ಳೆಯೋ ಕಲೆಯೋ ಇಲ್ಲದೆ ವಾರಗಟ್ಟಲೆ ತುರಿಸುತ್ತಿದ್ದರೆ ಕಾರಣ ಯಕೃತ್ತು, ಮೂತ್ರಪಿಂಡ ಅಥವಾ ಥೈರಾಯ್ಡಿನಲ್ಲಿರಬಹುದು. ಗರ್ಭಿಣಿಯರಿಗೆ ರಾತ್ರಿ ಹೊತ್ತು ಅಂಗೈ, ಅಂಗಾಲು ತುರಿಸತೊಡಗಿದರಂತೂ ಎಣ್ಣೆ ಹುಡುಕುತ್ತ ಕೂರದೆ ಕೂಡಲೇ ರಕ್ತದ ಪಿತ್ತಾಮ್ಲ ಪರೀಕ್ಷೆ ಮಾಡಿಸಬೇಕು. ಅದು ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ ತರಬಲ್ಲ ಪಿತ್ತದ ತೊಂದರೆಯಾಗಿರಬಹುದು.