ಹದಿನೇಳರ ಜಾರ್ಜ್ ಪಾತ್ರ ಯಾರಿಗೆ?

1960ರ ಒಂದು ಫೋಟೊ ಇದೆ. ಜರ್ಮನಿಯ ಹ್ಯಾಂಬರ್ಗ್‌ನ ಜಾತ್ರೆ ಮೈದಾನದಲ್ಲಿ ಆಸ್ಟ್ರಿಡ್ ಕಿರ್ಶೆರ್ ತೆಗೆದದ್ದು. ಐದು ಹುಡುಗರು, ಜಿಡ್ಡು ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಇಂಗ್ಲೆಂಡಿನ ಲಿವರ್‌ಪೂಲ್‌ನ ಹಾಡುಗಾರರ ತಂಡ. ಬೀಟಲ್ಸ್ ಅಂದರೆ ಯಾರು ಅಂತ ಜಗತ್ತಿಗೆ ಇನ್ನೂ ಗೊತ್ತಿಲ್ಲ. ಅದರಲ್ಲಿ ಜಾರ್ಜ್ ಹ್ಯಾರಿಸನ್ ಮುಖ ನೋಡಿ. ದೊಡ್ಡವನ ಹಾಗೆ ನಿಲ್ಲಬೇಕು ಅಂತ ಗತ್ತು ತಂದುಕೊಂಡಿದ್ದಾನೆ. ಆದರೆ ಕೆನ್ನೆ ಇನ್ನೂ ಮಗುವಿನದೇ. ಆಗ ಅವನಿಗೆ 17.

ನಿರ್ದೇಶಕ ಸ್ಯಾಮ್ ಮೆಂಡಿಸ್ ಈ ತಂಡದ ಮೇಲೆ ನಾಲ್ಕು ಸಿನಿಮಾ ಮಾಡುತ್ತಾರೆ, ಮುಂದೆ ಹೆಸರಾದ ನಾಲ್ವರಲ್ಲಿ ಒಬ್ಬೊಬ್ಬರ ಕಣ್ಣಿನಿಂದ ಒಂದೊಂದು. 2025ರ ಮಾರ್ಚ್ ಕೊನೆಗೆ ನಟರ ಹೆಸರು ಹೇಳಿದರು. ಪಾಲ್ ಮೆಕಾರ್ಟ್ನಿ ಪಾತ್ರಕ್ಕೆ ಪಾಲ್ ಮೆಸ್ಕಲ್, ಜಾನ್ ಲೆನನ್‌ಗೆ ಹ್ಯಾರಿಸ್ ಡಿಕಿನ್ಸನ್, ಜಾರ್ಜ್‌ಗೆ ಜೋಸೆಫ್ ಕ್ವಿನ್, ರಿಂಗೋ ಸ್ಟಾರ್‌ಗೆ ಬ್ಯಾರಿ ಕಿಯೋಗನ್. ಮುಖ ಹೋಲುತ್ತಾ ಇಲ್ವಾ ಅನ್ನೋದೇ ಎಲ್ಲರ ಪ್ರಶ್ನೆ. ನನಗೆ ಆ ಚಿಂತೆ ಇಲ್ಲ. ಕೂದಲು, ಮೂಗು ಮೇಕಪ್‌ನವರು ನೋಡಿಕೊಳ್ಳುತ್ತಾರೆ. ನನ್ನ ಚಿಂತೆ ವಯಸ್ಸಿನದು.

ಸ್ವಲ್ಪ ಲೆಕ್ಕ ಹಾಕಿ. 1970ರ ಏಪ್ರಿಲ್‌ನಲ್ಲಿ ತಂಡ ಒಡೆದಾಗ ಪಾಲ್, ಜಾರ್ಜ್ ಇಬ್ಬರಿಗೂ 27. ಜಾನ್, ರಿಂಗೋಗೆ 29. ನಟರ ಹೆಸರು ಹೇಳಿದ ದಿನವೇ ಮೆಸ್ಕಲ್‌ಗೆ 29, ಕ್ವಿನ್‌ಗೆ 31, ಕಿಯೋಗನ್‌ಗೆ 32. ಇಡೀ ಕತೆ ಮುಗಿದಾಗ ಆ ಹುಡುಗರಿಗೆ ಎಷ್ಟು ವಯಸ್ಸಾಗಿತ್ತೋ, ಅದನ್ನು ಈ ಮೂವರು ಆಗಲೇ ದಾಟಿದ್ದಾರೆ! ಒಳ್ಳೆಯ ನಟರು, ಎರಡು ಮಾತಿಲ್ಲ. ಜಗಳ, ಮುನಿಸು, ಬೇರೆಯಾಗುವ ಸಂಕಟ ಎಲ್ಲವನ್ನೂ ಚೆನ್ನಾಗಿ ಮಾಡುತ್ತಾರೆ. ಆದರೆ ಶುರು?

ಶುರು ಅಂದರೆ ಹ್ಯಾಂಬರ್ಗ್‌ನ ಬಾಂಬಿ ಕಿನೊ. ಅದೊಂದು ಸಿನಿಮಾ ಟಾಕೀಸು. ಪರದೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಈ ಹುಡುಗರು ಮಲಗುತ್ತಿದ್ದರು. ಕಿಟಕಿ ಇಲ್ಲ, ಪಕ್ಕದಲ್ಲೇ ಟಾಯ್ಲೆಟ್. ಮುಖ ತೊಳೆಯೋದೂ ಅಲ್ಲೇ. ರಾತ್ರಿ ಗಂಟೆಗಟ್ಟಲೆ ಕ್ಲಬ್ಬಿನಲ್ಲಿ ಹಾಡಬೇಕು. ನವೆಂಬರ್‌ನಲ್ಲಿ ಪೊಲೀಸರಿಗೆ ಗೊತ್ತಾಯಿತು, ಜಾರ್ಜ್‌ಗೆ ಇನ್ನೂ 18 ತುಂಬಿಲ್ಲ. ಜರ್ಮನಿಯಿಂದಲೇ ವಾಪಸ್ ಕಳಿಸಿದರು. ಮೂವತ್ತು ದಾಟಿದ ಗಂಡಸು ಇದನ್ನು ಹೇಗೆ ಮಾಡುತ್ತಾನೆ? ಅವನು ಚಿಕ್ಕವನು ಅನ್ನೋದೇ ಅಲ್ಲಿನ ಕತೆ ಅಲ್ವಾ?

ಜಾನ್‌ನ ಹುಡುಗತನದ ಮೇಲಿನ 2009ರ ಸಿನಿಮಾ 'ನೋವೇರ್ ಬಾಯ್' ನನಗೆ ಇಷ್ಟವಾಗಿದ್ದು ಇದಕ್ಕೇ. ಜಾನ್ ಪಾತ್ರ ಮಾಡಿದ ಆ್ಯರನ್ ಜಾನ್ಸನ್‌ಗೆ ಶೂಟಿಂಗ್ ಶುರುವಾದಾಗ 18. ಜಾನ್ ತನ್ನ ಅಮ್ಮನನ್ನು ಕಳೆದುಕೊಂಡದ್ದು 17ರಲ್ಲಿ, ಪಾಲ್ 14ರಲ್ಲಿ. ಆ ವಯಸ್ಸಿನ ಸಿಟ್ಟಿಗೆ ಕೈ ಎಲ್ಲಿಡಬೇಕು ಅಂತಲೇ ಗೊತ್ತಿರಲ್ಲ. ಅದನ್ನು ನೆನಪು ಮಾಡಿಕೊಂಡು ನಟಿಸೋದು ಬೇರೆ, ಅದರ ಹತ್ತಿರವೇ ಇದ್ದು ನಟಿಸೋದು ಬೇರೆ.

ಹಾಗಾದರೆ 'ಬ್ಯಾಕ್‌ಬೀಟ್' ಸಿನಿಮಾದಲ್ಲಿ ಜಾನ್ ಪಾತ್ರ ಮಾಡಿದ ಇಯಾನ್ ಹಾರ್ಟ್ ಹೇಗೆ ಗೆದ್ದರು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹ್ಯಾಂಬರ್ಗ್ ದಿನಗಳ ಮೇಲೇ ಬಂದ ಆ ಸಿನಿಮಾ ಮಾಡುವಾಗ ಅವರಿಗೂ 30ರ ಹತ್ತಿರ. ಆದರೆ ಅವರು ಲಿವರ್‌ಪೂಲ್‌ನಲ್ಲೇ ಹುಟ್ಟಿದವರು. ಬಾಯಿ ಬಿಟ್ಟರೆ ಊರು ಬರುತ್ತದೆ. ಧಾರವಾಡದವರ ಮಾತನ್ನು ಬೇರೆಯವರು ಕಲಿತು ಆಡಿದರೆ ನಮಗೆ ಎರಡೇ ವಾಕ್ಯಕ್ಕೆ ಗೊತ್ತಾಗಲ್ವಾ? ಲಿವರ್‌ಪೂಲ್ ಮಾತೂ ಅಷ್ಟೇ. ಅದರ ಏರಿಳಿತದಲ್ಲೇ ಒಂದು ತಮಾಷೆ, ಒಂದು ಕೆಣಕು ಇದೆ. ಜಾನ್ ಜಾನ್ ಆಗಿದ್ದರಲ್ಲಿ ಅರ್ಧ ಅದರಿಂದಲೇ. ಹೊಸ ನಾಲ್ವರಲ್ಲಿ ಇಬ್ಬರು ಐರ್ಲೆಂಡ್‌ನವರು, ಇಬ್ಬರು ಲಂಡನ್‌ನವರು. ಕಲಿಯುತ್ತಾರೆ, ಜಾಸ್ತಿ ಕಷ್ಟಪಟ್ಟೇ ಕಲಿಯುತ್ತಾರೆ. ಆದರೂ.

ನಾಲ್ಕೂ ಸಿನಿಮಾ 2028ರ ಏಪ್ರಿಲ್‌ಗೆ ಅಂದಿದ್ದಾರೆ. ಹ್ಯಾಂಬರ್ಗ್ ಭಾಗ ಬಂದರೆ ದಯವಿಟ್ಟು ಬೇರೆ ಹುಡುಗರನ್ನು ಹಾಕಲಿ. ಹೆಸರು ಇಲ್ಲದವರು, ಲಿವರ್‌ಪೂಲ್‌ನವರೇ, ಹದಿನೇಳು ಹದಿನೆಂಟರವರು. ಮುಖ ಹೋಲದಿದ್ದರೂ ಪರವಾಗಿಲ್ಲ. ಪರದೆಯ ಹಿಂದಿನ ಆ ಕೋಣೆಯಿಂದ ಗಂಟು ಕಟ್ಟಿಕೊಂಡು ಒಬ್ಬನೇ ಊರಿಗೆ ಹೊರಡುವ ಜಾರ್ಜ್‌ನನ್ನು ನೋಡಿದಾಗ, ಅಯ್ಯೋ, ಇಷ್ಟು ಚಿಕ್ಕ ಹುಡುಗನಾ ಅಂತ ನನಗೆ ಅನ್ನಿಸಬೇಕು.