ಗೊಂಬೆ ಪಕ್ಕ ಗೇಮ್ ಶೋ

ಹಾಡು ಜೋರಾಗಿ ನಡೆಯುತ್ತಿರುತ್ತದೆ. ಸ್ಪರ್ಧಿ ಪರದೆ ಮೇಲಿನ ಸಾಲು ನೋಡಿಕೊಂಡು ಆರಾಮಾಗಿ ಹಾಡುತ್ತಿರುತ್ತಾನೆ. ಇದ್ದಕ್ಕಿದ್ದ ಹಾಗೆ ವಾದ್ಯ ನಿಲ್ಲುತ್ತದೆ. ಸಾಲು ಮಾಯ, ಬರೀ ಖಾಲಿ ಗೆರೆ. ಮುಂದಿನ ಪದಗಳನ್ನು ನೆನಪಿನಿಂದಲೇ ಹಾಡಬೇಕು. ಅಮೆರಿಕದ ಫಾಕ್ಸ್ ಚಾನೆಲ್ಲಿನಲ್ಲಿ 2007ರಲ್ಲಿ ಶುರುವಾದ 'ಡೋಂಟ್ ಫರ್ಗೆಟ್ ದ ಲಿರಿಕ್ಸ್' ಕಾರ್ಯಕ್ರಮದ ಆಟ ಇಷ್ಟೇ. ಕಂಠ ಹೇಗಿದ್ದರೂ ಪರವಾಗಿಲ್ಲ, ಪದ ಸರಿಯಿರಬೇಕು. ಕೊನೆವರೆಗೂ ಗೆದ್ದರೆ ಹತ್ತು ಲಕ್ಷ ಡಾಲರ್. ಆಮೇಲೆ ಅದು ವಿಡಿಯೋ ಗೇಮ್ ಆಗಿಯೂ ಬಂತು.

ಇದನ್ನೆಲ್ಲ ನನಗೆ ಹೇಳಿದ್ದು ಅಣ್ಣನ ಮಗ. ಇಂಜಿನಿಯರಿಂಗ್ ಓದುತ್ತಾನೆ. ಅಂದರೆ ಮನೆಯಲ್ಲಿ ಫ್ಯಾನ್ ಕೆಟ್ಟರೆ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡುತ್ತಾನೆ. ಹೋದ ದಸರಾಕ್ಕೆ ಅವನು ಇದೇ ಆಟವನ್ನು ಕನ್ನಡ ಹಾಡುಗಳಿಗೆ ಹೊಂದಿಸಿ, ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ ಹಾಲ್‌ನಲ್ಲೇ ಟೀವಿಗೆ ಜೋಡಿಸಿದ. ಪಟ್ಟದ ಗೊಂಬೆಗಳ ಎಡಕ್ಕೆ ಸ್ಪೀಕರ್, ಬಲಕ್ಕೆ ಮೈಕು. ಶೆಟ್ಟಿ ಗೊಂಬೆಯ ಅಂಗಡಿ ಮುಂದೆ ವೈರುಗಳ ರಾಶಿ.

ಮನೆಯವರೆಲ್ಲ ಗೊಣಗಿದರೂ ಅತ್ತೆ ಮಾತ್ರ ಅವನ ಪರ. ಮೈಸೂರಿನ ಆಕಾಶವಾಣಿ 1935ರಲ್ಲಿ ಹುಟ್ಟಿದ್ದು ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರ ಸ್ವಂತ ಮನೆಯಲ್ಲಿ ತಾನೇ? ಮನೇಲಿ ರೇಡಿಯೋ ಸ್ಟೇಷನ್ನೇ ನಡೆಸಬಹುದಾದರೆ, ಹುಡುಗ ಒಂದು ಮೈಕು ಇಟ್ಟರೆ ಏನಂತೆ ಅನ್ನುವುದು ಅವರ ವಾದ. ಜೊತೆಗೆ ಆ ರೇಡಿಯೋದಲ್ಲಿ ಕೇಳಿ ಕಲಿತ ಹಾಡುಗಳೆಲ್ಲ ಅವರಿಗೆ ಬಾಯಿಪಾಠ. ಗೆಲ್ಲುವುದು ತಾವೇ ಅಂತ ಗೊತ್ತಿತ್ತು.

ಗೊಂಬೆ ನೋಡುವವರು ಬರತೊಡಗಿದರು. ಹುಡುಗ ಮೈಕು ಹಿಡಿದು ಕರೆದ.

ಇಲ್ಲಿ ಒಂದು ವಿಷಯ ಹೇಳಬೇಕು. ಗೊಂಬೆ ಮನೆಗೆ ಬಂದವರನ್ನು ಹಾಡಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಗಂತ ಕೇಳಿದ ತಕ್ಷಣ ಹಾಡಿಬಿಡುವ ಪದ್ಧತಿಯೂ ಇಲ್ಲ. ಮೊದಲು "ಅಯ್ಯೋ, ನಂಗೆಲ್ಲಿ ಬರುತ್ತೆ" ಅನ್ನಬೇಕು. ಆಮೇಲೆ ಗಂಟಲು ಸರಿಯಿಲ್ಲ ಅನ್ನಬೇಕು. ಮಗಳ ಕಡೆ ತಿರುಗಿ "ನೀನೇ ಹೇಳೇ" ಅನ್ನಬೇಕು. ಮಗಳು ಫೋನಿನಿಂದ ತಲೆ ಎತ್ತಬಾರದು. ಇಷ್ಟಾದ ಮೇಲೆ ಸೆರಗು ಸರಿಮಾಡಿಕೊಂಡು, ಸಣ್ಣಗೆ ಕೆಮ್ಮಿ, ಕಣ್ಣು ಮುಚ್ಚಿ ಶುರು ಮಾಡಿದರೆ, ತಟ್ಟೆಯಲ್ಲಿದ್ದ ಚಕ್ಕುಲಿ ಮೆತ್ತಗಾಗುವವರೆಗೂ ನಿಲ್ಲಿಸುವುದಿಲ್ಲ.

ನಮ್ಮ ಹುಡುಗ ಕೊಟ್ಟಿದ್ದು ಹತ್ತು ಸೆಕೆಂಡು.

ಎದುರುಮನೆ ಆಂಟಿ "ಅಯ್ಯೋ" ಅನ್ನುವಷ್ಟರಲ್ಲಿ ಎಂಟು ಸೆಕೆಂಡು ಹೋಗಿತ್ತು. ಗಂಟಲಿನ ವಿಷಯಕ್ಕೆ ಬರುವಾಗ ಟೊಂಯ್ ಅಂತ ಶಬ್ದವಾಗಿ, ಪರದೆ ತುಂಬ ಕೆಂಪಕ್ಷರದಲ್ಲಿ 'ಸೋತಿರಿ' ಅಂತ ಬಂತು. ಅರಿಶಿನ ಕುಂಕುಮಕ್ಕೆ ಕರೆದು ಹೀಗಾ ಮಾಡೋದು ಅನ್ನುವ ಹಾಗೆ ಅವರು ನನ್ನ ಹೆಂಡತಿಯ ಮುಖ ನೋಡಿದರು. ಅವಳು ಗಡಿಬಿಡಿಯಲ್ಲಿ ಎರಡು ಬಾಗಿನ ಕೊಟ್ಟು ಕಳಿಸಿದಳು.

ಅತ್ತೆಗೆ ಈ ಬಿಂಕವೆಲ್ಲ ಇಲ್ಲ. ಕುರ್ಚಿ ಎಳೆದುಕೊಂಡು ಕೂತು, ಹಾಡು ನಿಂತ ಕ್ಷಣವೇ ಹಿಡಿದರು. ಒಂದಕ್ಷರ ತಪ್ಪಿಲ್ಲ. ಆ ಕಡೆಯಿಂದ ಟೊಂಯ್.

"ಎಲ್ಲೋ ತಪ್ಪಾಗಿದ್ದು?"

"ಅಜ್ಜಿ, ಪದ ಸರಿ. ಶ್ರುತಿ ತಪ್ಪು."

ವಿಷಯ ಏನೆಂದರೆ, ಕಂಪ್ಯೂಟರಿಗೆ ಕನ್ನಡ ಪದ ಕೇಳಿಸಿಕೊಂಡು ಸರಿತಪ್ಪು ಹೇಳಲು ಕಲಿಸುವುದು ಅವನಿಗೆ ಕಷ್ಟವಾಗಿತ್ತು. ಅದಕ್ಕೆ ಸುಲಭದ ದಾರಿ ಹಿಡಿದಿದ್ದ. 2004ರಲ್ಲಿ ಪ್ಲೇಸ್ಟೇಷನ್ನಿಗೆ ಬಂದ 'ಸಿಂಗ್‌ಸ್ಟಾರ್' ಥರದ ಹಾಡಿನ ಆಟಗಳು ನೋಡುವುದು ಸ್ವರ ಸರಿಯಾದ ಎತ್ತರದಲ್ಲಿ ಇದೆಯಾ ಅಂತ. ಪದದ ಗೊಡವೆ ಇಲ್ಲ. ಗಂಡಸರೂ ಹೆಂಗಸರೂ ಹಾಡಲಿ ಅಂತ ಮಂದ್ರ, ತಾರ ಸ್ಥಾಯಿಗಳ ವ್ಯತ್ಯಾಸವನ್ನೂ ಮಾಫಿ ಮಾಡುತ್ತವೆ. ಆದರೆ ಅತ್ತೆ ಹಾಡಿದ್ದು ಅವರದೇ ಶ್ರುತಿಯಲ್ಲಿ, ಮಧ್ಯೆ ಎರಡು ಸಂಗತಿ, ಅಂದರೆ ಅದೇ ಸಾಲನ್ನು ಬೇರೆ ಥರ ತಿರುವಿ ಹಾಡುವುದು, ಬೇರೆ ಸೇರಿಸಿ. ಹೀಗೆ ಪದಕ್ಕೆ ದುಡ್ಡು ಕೊಡುವ ಆಟ ನಮ್ಮ ಮನೆಗೆ ಬರುವಾಗ ಪದವೇ ಬೇಡದ ಆಟವಾಗಿತ್ತು.

ಇದಕ್ಕೆ ಪುರಾವೆ ತಕ್ಷಣ ಸಿಕ್ಕಿತು. ಪಕ್ಕದ ಮನೆಯ ಮೇಷ್ಟ್ರಿಗೆ ಆ ಹಾಡಿನ ಒಂದು ಪದವೂ ಗೊತ್ತಿರಲಿಲ್ಲ. "ಊಂ ಊಂ ಊಂ" ಅಂದರು. ಹಸಿರು ದೀಪ, ಪೂರ್ತಿ ಅಂಕ. "ಮನೇಲೂ ಎಲ್ಲದಕ್ಕೂ ಇದೇ ಉತ್ತರ. ಅಲ್ಲಿ ಅಂಕ ಕೊಡೋರಿಲ್ಲ," ಅಂದರು ಅವರ ಹೆಂಡತಿ.

ಅಮೆರಿಕದ ಶೋನಲ್ಲಿ ಪದ ಮರೆತವರಿಗೆ ನೆರವು ಉಂಟು. ಜೊತೆಗೆ ಬಂದವರನ್ನು ಹಾಡಲು ಕರೆಯಬಹುದು, ಇಲ್ಲವೇ ಎರಡು ಪದ ತೋರಿಸಿ ಅನ್ನಬಹುದು. ನಮ್ಮಲ್ಲಿ ಯಾರನ್ನೂ ಕರೆಯಬೇಕಾಗಲಿಲ್ಲ. ಅತ್ತೆ ಮತ್ತೆ ಹಾಡಲು ಕೂತಾಗ ಕೋಣೆಯಲ್ಲಿದ್ದವರೆಲ್ಲ ಒಬ್ಬೊಬ್ಬರು ಒಂದೊಂದು ಸಾಲು ಹೇಳಿಕೊಟ್ಟರು. ಅತ್ತೆ ಸಿಟ್ಟಾಗಿ ಬಾಯಿ ಮುಚ್ಚಿದರು, ಉಳಿದವರೂ ಮುಚ್ಚಿದರು. ಸರಿಯಾಗಿ ಅದೇ ಹೊತ್ತಿಗೆ ಉಸಲಿಗೆ ಇಟ್ಟ ಕಡಲೆಕಾಳಿನ ಕುಕ್ಕರ್ ಒಳಗಿನಿಂದ ಉದ್ದಕ್ಕೆ ಕೂಗಿತು. ಹಸಿರು ದೀಪ. 'ಶಭಾಷ್!'

ಆ ದಿನದ ಬಹುಮಾನದ ಮೈಸೂರು ಪಾಕನ್ನು ಮೇಷ್ಟ್ರು ಕುಕ್ಕರಿನ ಜೊತೆ ಹಂಚಿಕೊಳ್ಳುವ ಪ್ರಮೇಯ ಬರಲಿಲ್ಲ ಅನ್ನಿ.

ಈ ವರ್ಷಕ್ಕೆ ಹುಡುಗ ಆಟವನ್ನು ತಿದ್ದುತ್ತಿದ್ದಾನೆ. 'ಗಂಟಲು ಸರಿಯಿಲ್ಲ' ಅಂತ ಒಂದು ಗುಂಡಿ ಸೇರಿಸಿದ್ದಾನೆ. ಒತ್ತಿದರೆ ಜಾಸ್ತಿ ಹೊತ್ತು ಸಿಗುತ್ತದೆ. ಎಷ್ಟು ಹೊತ್ತು ಕೊಡಬೇಕು ಅಂತ ಮೊನ್ನೆ ಅತ್ತೆಯನ್ನು ಕೇಳಿದ.

"ಒಂದು ಕಾಫಿ ಕುಡಿಯೋಷ್ಟು ಕೊಡಪ್ಪ."

"ಸೆಕೆಂಡಲ್ಲಿ ಹೇಳಿ ಅಜ್ಜಿ, ಕೋಡ್‌ನಲ್ಲಿ ಹಾಕ್ಬೇಕು."

"ಕಾಫಿ ಮಾಡೋರು ಯಾರು, ಅದನ್ನ ಮೊದಲು ಹೇಳು."